ತಮ್ಮನ ಹೆಂಡತಿ ಎಂದು ಬರೆದ ಪತ್ರ

2023ರ ಮುಂಗಾರು ಶುರುವಾಗುವ ಹೊತ್ತಿಗೆ ಗದಗಿನಲ್ಲಿ ನನ್ನ ಕಚೇರಿಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಕಚೇರಿ ಎಂದರೆ ದೊಡ್ಡದೇನಲ್ಲ. ಹಳೆ ಬಸ್ ನಿಲ್ದಾಣದ ಹತ್ತಿರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಫೈಲುಗಳ ಕಪಾಟು. ಮೊದಲು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರಿನ ಕಾಲ ಮುಗಿದ ಮೇಲೆ ಪಾಸ್‌ಪೋರ್ಟ್ ಮತ್ತು ವೀಸಾ ಅರ್ಜಿ ತುಂಬಿಕೊಡುವ ಕೆಲಸ ಹಿಡಿದೆ. ಮುಳಗುಂದದಿಂದ ದಿನಾ ಬಸ್ಸಿಗೆ ಬಂದು ಹೋಗುವವಳು ನಾನು. ನನ್ನ ಬಾಯಿ ಸ್ವಲ್ಪ ಖಾರ. ಅರ್ಧಂಬರ್ಧ ಕಾಗದ ತಂದು "ಹೆಂಗರ ಮಾಡಿ ಹೊಂದಸ್ರಿ" ಅನ್ನುವವರನ್ನು ಮೆಟ್ಟಿಲಿಳಿಸಿ ಕಳಿಸಿದ್ದೂ ಉಂಟು.

ಈ ಕೆಲಸದಲ್ಲಿ ನನಗೊಂದು ಜಂಬವಿತ್ತು. ನಾನು ಕೈಯಿಟ್ಟ ಫೈಲು ಹಿಂದೆ ಬರುವುದಿಲ್ಲ ಎಂದು ಯಾರು ಕೇಳಿದರೂ ಹೇಳುತ್ತಿದ್ದೆ, ಕೇಳದಿದ್ದರೂ ಹೇಳುತ್ತಿದ್ದೆ. ಗಲ್ಫಿಗೆ ಹೋಗುವ ವೆಲ್ಡರುಗಳು, ಯಾತ್ರೆಗೆ ಹೋಗುವವರು, ಮಗಳ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತುವ ತಾಯಂದಿರು, ಹೀಗೆ ನನ್ನಲ್ಲಿಗೆ ಬರುವವರೆಲ್ಲ ಇಲ್ಲಿಂದ ಹೊರಗೆ ಹೋಗುವವರು. ಹೊರಗಿನವರನ್ನು ಇಲ್ಲಿಗೆ ಕರೆಸಿಕೊಳ್ಳುವ ಅರ್ಜಿ ಬರುತ್ತಿದ್ದದ್ದು ಅಪರೂಪ. ನನ್ನ ಜಂಬ ಇಳಿದದ್ದು ಅಂಥದೇ ಒಂದು ಅರ್ಜಿಯಲ್ಲಿ.

ಜೂನ್ ತಿಂಗಳ ಒಂದು ಮುಂಜಾನೆ ಕೆಳಗಿನ ಝೆರಾಕ್ಸ್ ಅಂಗಡಿಯವರು ಫೋನ್ ಮಾಡಿದರು. "ಅಕ್ಕಾರ, ಇಲ್ಲೊಬ್ರು ಬಂದಾರ. ಅವರಿಗೆ ಮೆಟ್ಟಲ ಹತ್ತಾಕ ಆಗಂಗಿಲ್ಲ. ನೀವ ಕೆಳಗ ಬರ್ರಿ." ಗೊಣಗುತ್ತಲೇ ಇಳಿದೆ. ಅಂಗಡಿಯ ಕುರ್ಚಿಯಲ್ಲಿ ನಲವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ಕೂತಿದ್ದ. ಕಂಕುಳಿಗೆ ಕೊಡುವ ಎರಡು ಊರುಗೋಲು ಗೋಡೆಗೆ ಆನಿಸಿದ್ದವು. ಪಕ್ಕದಲ್ಲಿ ಇಳಕಲ್ ಸೀರೆಯ, ಹಣೆ ತುಂಬ ಕುಂಕುಮದ, ಅವನಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಣ್ಣುಮಗಳು ನಿಂತಿದ್ದಳು. ಮಾತಾಡಿದ್ದು ಅವಳೇ.

"ನಾ ನೀಲವ್ವರಿ, ಲಕ್ಷ್ಮೇಶ್ವರದ ಹಂತೇಕ ಅಡರಕಟ್ಟಿ ನಮ್ದು. ಇಂವ ನನ್ನ ತಮ್ಮ, ಈರಣ್ಣ. ಇವನ ಹೇಣ್ತಿನ್ನ ಊರಿಗೆ ಕರಸಬೇಕಾಗೇತಿ."

"ಎಲ್ಲಿದ್ದಾರವರು?"

"ಆಫ್ರಿಕಾದಾಗ."

ನಾನು ಈರಣ್ಣನ ಮುಖ ನೋಡಿದೆ. ಅವನು ನೆಲ ನೋಡುತ್ತ, "ಯುಗಾಂಡಾರಿ," ಎಂದ. ಒಂದು ಕ್ಷಣ ಬಿಟ್ಟು ಮೆಲ್ಲಗೆ, "ಹೇಣ್ತಿ ಅಲ್ರಿ, ಇನ್ನೂ," ಎಂದೂ ಸೇರಿಸಿದ. ನೀಲವ್ವ ಅವನ ಹೆಗಲಿಗೆ ತಿವಿದಳು. ಈ ಮಾತು ನನ್ನ ಕಿವಿಗೆ ಮೊದಲ ದಿನವೇ ಬಿದ್ದಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆಮೇಲೆ ಆದ ತಪ್ಪಿಗೆ ನಾನು ಯಾವ ನೆಪವನ್ನೂ ಹೇಳುವಂತಿಲ್ಲ.

ಈರಣ್ಣ ಗದಗಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳ ಮೇಲೆ, ಹದಿನೈದು ವರ್ಷ ಫಿಟ್ಟರ್ ಆಗಿದ್ದವನು. ಯಂತ್ರಗಳ ಜೊತೆ ಯುಗಾಂಡಾಕ್ಕೆ ಹೋಗುವ ಕೆಲಸ ಸಿಕ್ಕಿ ಅಲ್ಲಿ ಏಳು ವರ್ಷ ಇದ್ದ. ಕಾರ್ಖಾನೆಯ ಎದುರಿಗೆ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವ ಗ್ರೇಸ್ ಎಂಬಾಕೆಯ ಅಂಗಡಿ ಇತ್ತು. ಯಂತ್ರ ಕೆಟ್ಟಾಗ ರಿಪೇರಿ ಮಾಡಿಕೊಡಲು ಹೋದವನು ಆಮೇಲೆ ಯಂತ್ರ ಕೆಡದಿದ್ದರೂ ಹೋಗತೊಡಗಿದ. ಐದು ವರ್ಷ ಇಬ್ಬರೂ ಹಾಗೇ ಒಬ್ಬರಿಗೊಬ್ಬರು ಆಗಿ ಇದ್ದರು. ಮದುವೆಯನ್ನು ಊರಿಗೆ ಬಂದು ಅಕ್ಕನ ಮುಂದೆ ಮಾಡಿಕೊಳ್ಳಬೇಕೆಂದು ಈರಣ್ಣನ ಆಸೆ. ಮುಂದಿನ ಸುಗ್ಗಿಗೆ, ಅದರ ಮುಂದಿನ ಸುಗ್ಗಿಗೆ ಎಂದು ದಿನ ಹೋದವು. ಅಷ್ಟರಲ್ಲಿ ಒಂದು ದಿನ ಯಂತ್ರದ ಅಟ್ಟದ ಮೇಲಿಂದ ಬಿದ್ದು ಸೊಂಟದ ಕೀಲು ಮುರಿಯಿತು. ಅಲ್ಲೇ ಒಂದು ಶಸ್ತ್ರಚಿಕಿತ್ಸೆ ಆಯಿತು. ದುಡಿಯುವ ಪರವಾನಿಗೆಯ ಅವಧಿ ಮುಗಿದದ್ದರಿಂದ ಊರಿಗೆ ಮರಳಬೇಕಾಯಿತು.

ಊರಿಗೆ ಬಂದ ಮೇಲೆ ಕೀಲಿನೊಳಗೆ ಕೂಡಿಸಿದ್ದ ಲೋಹದ ಪಟ್ಟಿ ಸಡಿಲಾಗಿತ್ತು. ಕೀಲನ್ನೇ ಬದಲಿಸಬೇಕು, ತಡ ಮಾಡಿದಷ್ಟೂ ಕಾಲು ಗಿಡ್ಡವಾಗುತ್ತ ಹೋಗುತ್ತದೆ, ಮೂರು ತಿಂಗಳ ಮೇಲೆ ಹೋದರೆ ಊರುಗೋಲು ಬಿಟ್ಟು ನಡೆಯುವ ಭರವಸೆ ಕೊಡಲಾರೆ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರು. ಈರಣ್ಣ ಒಪ್ಪಿರಲಿಲ್ಲ.

"ಯಾಕಪಾ, ಹೆದರಿಕಿನಾ?" ಎಂದು ಕೇಳಿದೆ.

"ಹೌದ್ರಿ," ಎಂದ. ಗಂಡಸರು ಅಷ್ಟು ಸರಳವಾಗಿ ಒಪ್ಪಿಕೊಳ್ಳುವುದನ್ನು ನಾನು ನೋಡಿದ್ದು ಕಡಿಮೆ. "ಅಲ್ಲೆ ಆಪರೇಶನ್ ಆದಾಗ ನಾ ಉಳೀತೀನಿ ಅಂತ ಅನಿಸಿದ್ದಿಲ್ರಿ. ಕಣ್ಣ ತಗದಾಗ ಅಕಿ ಮಾರಿ ಕಂಡ್ತು. ಈ ಸಲಾನೂ ಕಣ್ಣ ತಗದಾಗ ಅಕಿ ಮಾರಿ ಕಾಣಬೇಕ್ರಿ. ಇಲ್ಲಂದ್ರ ನಾ ಆ ಟೇಬಲ್ ಮ್ಯಾಲ ಮಲಗಾಂವಲ್ಲ."

"ಹಟಮಾರಿರಿ," ಎಂದು ನೀಲವ್ವ ಕಣ್ಣೊರೆಸಿಕೊಂಡಳು. "ತಾಯಿ ಇಲ್ಲದ ಕೂಸು ಅಂತ ನಾನ ಮುದ್ದ ಮಾಡಿ ಕೆಡಿಸೇನಿ."

ಅವನು ಅಲ್ಲಿಗೆ ಹೋಗುವಂತಿಲ್ಲ, ಅವಳೇ ಬರಬೇಕು, ಅದೂ ಮೂರು ತಿಂಗಳ ಒಳಗೆ. ಆಯಿತು ಎಂದೆ.

ಅಂದೇ ಅಂಗಡಿಯಿಂದ ವಿಡಿಯೋ ಕರೆ ಮಾಡಿಸಿದೆ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು ಕೂತಿದ್ದೆ. ಪರದೆಯ ಮೇಲೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ, ದುಂಡು ಮುಖದ, ನಲವತ್ತರ ಹತ್ತಿರದ ಹೆಂಗಸು ಕಂಡಳು. ಕೈಯಲ್ಲಿ ಹಸಿರು ಬಳೆ.

"ಅರಾಮದೀರೇನ್ರಿ, ಅಕ್ಕಾರ? ನಾಷ್ಟಾ ಆತೇನ್ರಿ?"

ನನ್ನ ಇಂಗ್ಲಿಷ್ ಅಲ್ಲೇ ಉಳಿಯಿತು. ಐದು ವರ್ಷದಲ್ಲಿ ಈರಣ್ಣ ಅವಳಿಗೆ ಅಡರಕಟ್ಟಿಯ ಮಾತನ್ನು ಅಡರಕಟ್ಟಿಯ ಎಳೆತದ ಸಮೇತ ಕಲಿಸಿದ್ದ. ನಾನು ಪಾಸ್‌ಪೋರ್ಟಿನ ವಿಷಯ ಕೇಳುತ್ತಿದ್ದರೆ ಅವಳು ನಡುವೆ ನಡುವೆ ತನ್ನದನ್ನೇ ಕೇಳುತ್ತಿದ್ದಳು. "ಅಂವ ಉಣ್ತಾನೇನ್ರಿ? ನನ್ನ ಮುಂದ ಉಂಡೇನಿ ಅಂತಾನ. ಖರೆ ಹೇಳ್ರಿ." ನೀಲವ್ವ ಫೋನಿಗೆ ಬಾಗಿ, "ಒಂದ ರೊಟ್ಟಿ, ತಂಗಿ. ಒಂದಂದ್ರ ಒಂದ," ಎಂದು ಚಾಡಿ ಹೇಳಿದಳು. ಕುರ್ಚಿಯಲ್ಲಿದ್ದವನು ತಲೆ ತಗ್ಗಿಸಿ ನಕ್ಕ.

ಇನ್ನು ಕೆಲಸದ ವಿಷಯ. ಪ್ರವಾಸಿ ವೀಸಾ ಎಂದರೆ ತಾಜ್‌ಮಹಲ್ ನೋಡುವವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸ್ನೇಹಿತರನ್ನು, ಸಂಬಂಧಿಕರನ್ನು ನೋಡಲು ಬರುವವರಿಗೂ ಅದೇ ವೀಸಾ. ಇ-ವೀಸಾ ಎಂಬ ವ್ಯವಸ್ಥೆಯಲ್ಲಿ ಅರ್ಜಿ, ಫೋಟೋ, ಪಾಸ್‌ಪೋರ್ಟಿನ ಪ್ರತಿ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಳಿಸಬಹುದು. ಮೂವತ್ತು ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು ಎಂದು ಬೇರೆ ಬೇರೆ ಇವೆ. ನಾನು ಒಂದು ವರ್ಷದ್ದನ್ನು ಆರಿಸಿದೆ. ಅದರಲ್ಲಿ ಒಂದು ಸಲ ಬಂದರೆ ತೊಂಬತ್ತು ದಿನ ಇರಬಹುದು. ಶಸ್ತ್ರಚಿಕಿತ್ಸೆ ಮುಗಿದು ಅವನು ಎದ್ದು ಓಡಾಡುವವರೆಗೆ ಸಾಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಅವಳದರಲ್ಲಿ ಇತ್ತು. ಆ ದೇಶದಿಂದ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಕಾರ್ಡ್ ತರಲೇಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಬದಲು ಪ್ರತ್ಯೇಕ ಕೋಣೆಗೆ ಹೋಗುತ್ತಾರೆ. ಅದೂ ಅವಳಲ್ಲಿ ಇತ್ತು.

ಅರ್ಜಿಯಲ್ಲಿ ಮದುವೆಯ ಸ್ಥಿತಿ ಎಂಬ ಕಲಂ ಬಂತು. ಗ್ರೇಸಳನ್ನು ಕೇಳಿದೆ. "ಆಗಿಲ್ರಿ," ಎಂದಳು. ಅವಿವಾಹಿತೆ ಎಂದು ತುಂಬಿದೆ. ಭಾರತದಲ್ಲಿ ಪರಿಚಯದವರ ಹೆಸರು ಎಂಬಲ್ಲಿ ನೀಲವ್ವಳ ಹೆಸರು, ಅಡರಕಟ್ಟಿಯ ವಿಳಾಸ. ಅಲ್ಲಿಗೆ ಅರ್ಜಿ ಹೋಯಿತು.

ಎರಡು ದಿನ ಬಿಟ್ಟು, ಉಳಿಯುವ ಮನೆಯವರಿಂದ ಆಹ್ವಾನ ಪತ್ರ ಬೇಕೆಂದು ಮಿಂಚಂಚೆ ಬಂತು. ಇದು ಸಾಮಾನ್ಯ. ಇಂಥವರು ನಮಗೆ ಹೀಗೆ ಬೇಕಾದವರು, ನಮ್ಮ ಮನೆಯಲ್ಲಿ ಉಳಿಯುತ್ತಾರೆ ಎಂದು ಮನೆಯ ಯಜಮಾನರು ಸಹಿ ಮಾಡಿದ ಒಂದು ಪುಟ. ನೀಲವ್ವಳಿಗೆ ಫೋನ್ ಮಾಡಿದೆ. ಮರುದಿನ ಮೊದಲ ಬಸ್ಸಿಗೆ ಬಂದಳು. ಗೆರೆ ಹಾಕಿದ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ತಾನೇ ಬರೆದಿದ್ದಳು. ಏಳನೆಯ ತರಗತಿಯವರೆಗೆ ಓದಿದ ಕೈ. ಮೇಲೆ ಶ್ರೀ, ಮೂಲೆಗೆ ಅರಿಷಿಣ. ಆ ಪತ್ರ ಹೀಗಿತ್ತು: "ಗ್ರೇಸವ್ವ ನನ್ನ ತಮ್ಮನ ಹೆಂಡತಿ. ನಮ್ಮ ಮನೆಯ ಸೊಸೆ. ಅವಳ ಗಂಡನಿಗೆ ಮೈಯಲ್ಲಿ ಹುಷಾರಿಲ್ಲ. ದಯವಿಟ್ಟು ಕಳಿಸಿಕೊಡಬೇಕು."

ಓದಿ ನನ್ನ ಕಣ್ಣು ತುಂಬಿತು. ಅದೇ ನನಗೆ ಮುಳುವಾಯಿತು.

ನೀಲವ್ವ ಅದಕ್ಕೊಂದು ಹಿನ್ನೆಲೆಯನ್ನೂ ಹೇಳಿದ್ದಳು. ಹಿಂದಿನ ವರ್ಷ ಶೀಗಿ ಹುಣ್ಣಿಮೆಗೆ ಅವಳು ಗ್ರೇಸಳಿಗೆ ಉಡಿ ತುಂಬಿದ್ದಳು. ಹಸಿರು ಬಳೆ, ಕಣ ಎನ್ನುವ ಕುಪ್ಪಸದ ಬಟ್ಟೆ, ಅರಿಷಿಣ ಕೊಂಬುಗಳನ್ನು ಆ ದೇಶಕ್ಕೆ ಹೊರಟಿದ್ದ ಇನ್ನೊಬ್ಬ ಫಿಟ್ಟರನ ಕೈಯಲ್ಲಿ ಕಳಿಸಿ, ಫೋನನ್ನು ದೇವರ ಮುಂದೆ ಆನಿಸಿಟ್ಟು, ಇಲ್ಲಿಂದ ಇವಳು ಅಕ್ಕಿ ಎತ್ತಿ ಹಾಕಿದಾಗ ಅಲ್ಲಿ ಅವಳು ಸೆರಗು ಹಿಡಿದಿದ್ದಳಂತೆ. ನಮ್ಮ ಕಡೆ ಗಂಡಿನ ಮನೆಯವರು ಹೆಣ್ಣಿಗೆ ಉಡಿ ತುಂಬಿದರೆ ಮುಗಿಯಿತು. ತಾಳಿ ಕಟ್ಟುವುದು ಆಮೇಲಿನ ಮಾತು, ಹೆಣ್ಣು ಅವರದಾಯಿತು. ಊರೂ ಹಾಗೇ ಕರೆಯುತ್ತದೆ, ಮನೆಯೂ ಹಾಗೇ ಕರೆಯುತ್ತದೆ. ನಾನೂ ಮುಳಗುಂದದವಳು. ಉಡಿ ತುಂಬಿದ ಮೇಲೆ ತಮ್ಮನ ಹೆಂಡತಿ ಎಂಬ ಮಾತು ನನ್ನ ಕಿವಿಗೂ ಸಹಜವಾಗಿಯೇ ಕೇಳಿಸಿತು. ನೆಟ್ಟಗೆ ಕೂತು ಅದನ್ನು ಇಂಗ್ಲಿಷಿಗೆ ಇಳಿಸಿ, ನೀಲವ್ವಳ ಸಹಿ ಹಾಕಿಸಿ, ಕನ್ನಡದ್ದನ್ನೂ ಜೊತೆಗಿಟ್ಟು ಕಳಿಸಿದೆ. ಮೂರು ದಿನದ ಹಿಂದೆ ನನ್ನ ಬೆರಳಿನಿಂದಲೇ ಅವಿವಾಹಿತೆ ಎಂದು ತುಂಬಿದ್ದು ನೆನಪಿಗೂ ಬರಲಿಲ್ಲ.

ನಾಲ್ಕನೆಯ ದಿನ ಅರ್ಜಿಯ ಸ್ಥಿತಿ ತೆರೆದು ನೋಡಿದರೆ ತಿರಸ್ಕೃತ ಎಂದಿತ್ತು. ಕಾರಣ ಬರೆದಿರುವುದಿಲ್ಲ, ಬರೆಯುವ ಪದ್ಧತಿಯೂ ಇಲ್ಲ.

ಅಕ್ಕ ತಮ್ಮ ಇಬ್ಬರೂ ಆ ದಿನ ಬಂದಿದ್ದರು. ಹೇಳುವುದು ನನಗೆ ಕಷ್ಟವಾಯಿತು. ನೀಲವ್ವ ಸಿಟ್ಟಾದಳು. "ಅಕಿ ಬರತೇನಂತಾಳ, ನಾವು ಕರೀತೇವಂತೇವಿ. ದೇವರ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗಾತಲ್ರಿ," ಎಂದಳು. ಈರಣ್ಣ ಊರುಗೋಲನ್ನು ಕಂಕುಳಿಗೆ ಸಿಗಿಸಿಕೊಂಡು ಎದ್ದ. "ಇರ್ಲಿ ಬಿಡ್ರಿ. ನಿಮಗ ಸುಮ್ಮನ ತ್ರಾಸು ಕೊಟ್ವಿ," ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ತಡೆಯಲಾಗಲಿಲ್ಲ. ಗ್ರೇಸ್ ಬರುತ್ತಾಳೆಂಬ ನಂಬಿಕೆಯ ಮೇಲೆ ಆಸ್ಪತ್ರೆಯಿಂದ ಪಡೆದಿದ್ದ ತಾರೀಖನ್ನು ಫೋನ್ ಮಾಡಿ ಬೇಡವೆಂದನಂತೆ. ವೈದ್ಯರು ಕೊಟ್ಟ ಮೂರು ತಿಂಗಳಲ್ಲಿ ಒಂದು ಆಗಲೇ ಮುಗಿಯುತ್ತ ಬಂದಿತ್ತು.

ಮೇಲೆ ಬಂದು ಫೈಲು ಬಿಚ್ಚಿದೆ. ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಪತ್ರ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅರ್ಜಿ ಮದುವೆಯಾಗಿಲ್ಲ ಅನ್ನುತ್ತದೆ, ಪತ್ರ ಹೆಂಡತಿ ಅನ್ನುತ್ತದೆ. ಎರಡನ್ನೂ ಕಳಿಸಿದವಳು ನಾನೇ. ಓದಿದ ಅಧಿಕಾರಿಗೆ ಇವರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಎನಿಸಿದ್ದರೆ ಅವರ ತಪ್ಪೇನು? ಅರ್ಜಿ ತಿರಸ್ಕೃತವಾದದ್ದು ಇದೇ ಕಾರಣಕ್ಕೆ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಲಾರೆ. ಆದರೆ ಬೇರೆ ಕಾರಣ ಹುಡುಕುವ ಅಗತ್ಯವೂ ಕಾಣಲಿಲ್ಲ. ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ.

ಮರುದಿನ ಕಚೇರಿಗೆ ಬೀಗ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಅಡರಕಟ್ಟಿಗೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಅರ್ಜಿದಾರರ ಮನೆಗೆ ನಾನೇ ಹೋದದ್ದು ಅದೇ ಮೊದಲು. ನೀಲವ್ವ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಈರಣ್ಣ ಗೋಡೆಗೆ ಒರಗಿ ಕಾಲು ಚಾಚಿದ್ದ. ನೀರು ಕುಡಿದೆ. ಚಹಾ ಬರುವ ಮೊದಲೇ ಹೇಳಿಬಿಡೋಣವೆಂದು ಹೇಳಿದೆ.

"ತಪ್ಪ ನಂದ, ನೀಲವ್ವ. ಸರಕಾರದ್ದಲ್ಲ, ನಿಮ್ಮದಲ್ಲ. ಇನ್ನೊಮ್ಮಿ ಅರ್ಜಿ ಹಾಕೋಣು. ಆದ್ರ ನೀವು ಬ್ಯಾರೆ ಪತ್ರ ಬರದ ಕೊಡಬೇಕು. ಅದರಾಗ ಆಕಿ ಈರಣ್ಣನ ಗೆಳತಿ, ಇನ್ನೂ ಮದವಿ ಆಗಿಲ್ಲ ಅಂತ ಬರೀಬೇಕು."

ಕಾಳು ಹಸನು ಮಾಡುತ್ತಿದ್ದ ಕೈ ನಿಂತಿತು. "ಗೆಳತಿ?" ಎಂದಳು ನೀಲವ್ವ. "ಅಕ್ಕಾರ, ನೀವು ಗದಗಿನ್ಯಾಗ ಕುಂತ ಏನರ ಅಂತೀರಿ. ಗಂಡಸಿನ ಗೆಳತಿ ಅಂದ್ರ ನಮ್ಮೂರಾಗ ಏನ ಅರ್ಥ ಅಂತ ನಿಮಗ ಗೊತ್ತಿಲ್ಲೇನು? ನಾ ಆಕಿಗೆ ಉಡಿ ತುಂಬೇನಿ. ದೇವರ ಮುಂದ ತುಂಬೇನಿ. ಆ ಕೈಲೇ ಇಂಥಾ ಮಾತ ಬರದ ಸಹಿ ಹಾಕಲಿ? ಬರಂಗಿಲ್ಲಂದ್ರ ಬರೋದ ಬ್ಯಾಡ. ಆಕಿ ಮಾನ ಕಳಿಯೂ ಕೆಲಸ ನಾ ಮಾಡಾಕಿ ಅಲ್ಲ."

ನಾನು ಕಾನೂನು ಹೇಳಿದೆ. ಮದುವೆಯ ನೋಂದಣಿ ಪತ್ರವಿಲ್ಲದೆ ಹೆಂಡತಿ ಎನ್ನುವಂತಿಲ್ಲ ಎಂದೆ. ಕಾಗದದ ಮೇಲೆ ಬರೆಯುವುದು ಬೇರೆ, ಮನೆಯಲ್ಲಿ ಕರೆಯುವುದು ಬೇರೆ ಎಂದೆ. ಅವಳು ಮೊರವನ್ನು ಎತ್ತಿಕೊಂಡು ನನ್ನ ಕಡೆ ಬೆನ್ನು ತಿರುಗಿಸಿ ಕೂತಳು. ಅವಳು ಹಟಕ್ಕೆ ಬಿದ್ದಿರಲಿಲ್ಲ. ಕಣ್ಣಿಂದ ಒಮ್ಮೆಯೂ ಎದುರಿಗೆ ನೋಡದ ಒಬ್ಬ ಹೆಣ್ಣಿನ ಮಾನವನ್ನು ಸಾವಿರಾರು ಮೈಲಿ ದೂರದಿಂದ ಕಾಯುತ್ತಿದ್ದಳು.

ಆಗ ಈರಣ್ಣ ಮಾತಾಡಿದ.

"ಅಕ್ಕಾ, ನಾ ಒಂದ ಮಾತು ನಿನಗ ಹೇಳಿಲ್ಲ. ಅಲ್ಲೆ ದವಾಖಾನಿಗೆ ನನ್ನ ಹೊತಗೊಂಡ ಒಯ್ದಾಗ ಅವರೂ ಒಂದ ಫಾರ್ಮ ಕೊಟ್ಟಿದ್ರು. ಪೇಶಂಟಿಗೆ ನೀವು ಏನಾಗಬೇಕು ಅಂತ ಅದರಾಗ ಕೇಳಿತ್ತು. ಅಕಿ ಗೆಳತಿ ಅಂತನ ಬರದ್ಲು. ಹೇಣ್ತಿ ಅಂತ ಬರದಿದ್ರ ಒಳಗ ಜಲ್ದಿ ಬಿಡತಿದ್ರು ಅಂತ ಅಲ್ಲಿ ನರ್ಸ್ ಅಂದಿದ್ಲಂತ. ಸುಳ್ಳ ಬರದು ನಾಳೆ ಇವಗೇನರ ಆದ್ರ ಅಂತ ಅಕಿ ಬರೀಲಿಲ್ಲ. ಗೆಳತಿ ಅಂತ ಬರದು ನಲವತ್ತ ದಿನ ನನ್ನ ಬಾಜೂ ಕುಂತಿದ್ಲು. ಉಚ್ಚಿ ಬಳದಾಳ, ಮೈ ಒರಸ್ಯಾಳ. ಆ ಮಾತಿನ್ಯಾಗ ಮಾನ ಹೋಗೂದೇನೂ ಇಲ್ಲಬೇ."

ನೀಲವ್ವ ಮೊರ ಬದಿಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಅದೇ ಗೆರೆ ಹಾಳೆಯ ವಹಿ ತಂದಳು. ಅಳುತ್ತಲೇ ಬರೆದಳು. ನಾನು ಒಂದಕ್ಷರವನ್ನೂ ಹೇಳಿಕೊಡಲಿಲ್ಲ. "ಗ್ರೇಸವ್ವ ನನ್ನ ತಮ್ಮನ ಗೆಳತಿ. ಮದುವೆ ಆಗಬೇಕೆಂದು ಇಬ್ಬರೂ ಮಾಡಿದ್ದಾರೆ, ಇನ್ನೂ ಆಗಿಲ್ಲ. ಅವನಿಗೆ ಆಪರೇಶನ್ ಇದೆ, ಅದಕ್ಕೆ ನೋಡಲು ಬರುತ್ತಾಳೆ. ನಮ್ಮ ಮನೆಯಲ್ಲಿ ಇರುತ್ತಾಳೆ. ಅವಳ ಊಟ, ವಸತಿ, ಮಾನ ಮರ್ಯಾದೆ ಎಲ್ಲದಕ್ಕೂ ನಾನು ಜವಾಬ್ದಾರಿ." ಕೊನೆಯ ವಾಕ್ಯದಂಥದ್ದನ್ನು ನಾನು ಯಾವ ಆಹ್ವಾನ ಪತ್ರದಲ್ಲೂ ಅದಕ್ಕೆ ಮೊದಲು ನೋಡಿರಲಿಲ್ಲ. ಇಂಗ್ಲಿಷಿಗೆ ಇಳಿಸುವಾಗ ಅದೊಂದನ್ನು ನಾಲ್ಕು ಸಲ ತಿದ್ದಿದೆ.

ಮರು ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಹಿಂದೆ ಎಂದಾದರೂ ವೀಸಾ ನಿರಾಕರಣೆ ಆಗಿದೆಯೇ? ಇಲ್ಲ ಎಂದು ಹಾಕಿ ದಾಟಿಸಿಬಿಡಿ ಎಂದು ನನ್ನದೇ ಕಸುಬಿನ ಒಬ್ಬರು ಸಲಹೆ ಕೊಟ್ಟರು. ನಾನು ಹೌದು ಎಂದು ತುಂಬಿದೆ. ಜೊತೆಗೆ ಪ್ರತ್ಯೇಕ ಹಾಳೆಯಲ್ಲಿ ನಡೆದದ್ದನ್ನು ಬರೆದೆ. ನಮ್ಮ ಭಾಗದಲ್ಲಿ ನಿಶ್ಚಯದ ಶಾಸ್ತ್ರವಾದ ಮೇಲೆ ಹೆಣ್ಣನ್ನು ಮನೆಯವಳೆಂದು ಕರೆಯುವ ರೂಢಿ ಇದೆ, ಮನೆಯವರು ಪ್ರೀತಿಯಿಂದ ಹಾಗೆ ಬರೆದರು, ಅರ್ಜಿದಾರಳು ಯಾವ ಸುಳ್ಳನ್ನೂ ಹೇಳಿಲ್ಲ, ಹೊಂದಿಸಿ ನೋಡದೆ ಕಳಿಸಿದ ತಪ್ಪು ಅರ್ಜಿ ತುಂಬಿಕೊಟ್ಟ ನನ್ನದು. ಕೆಳಗೆ ನನ್ನ ಹೆಸರು, ನನ್ನ ಸಹಿ. ಗ್ರೇಸ್ ತನ್ನ ಹೊಲಿಗೆ ಅಂಗಡಿಯ ನೋಂದಣಿ ಪತ್ರ ಮತ್ತು ಮರಳಿ ಹೋಗುವ ಟಿಕೆಟ್ಟನ್ನೂ ಕಳಿಸಿದಳು. ತಿರುಗಿ ಹೋಗಲು ಒಂದು ಬದುಕು ಅಲ್ಲಿ ಇದೆ ಎಂದು ತೋರಿಸುವುದು ಪ್ರವಾಸಿ ವೀಸಾದಲ್ಲಿ ಬಹಳ ಮುಖ್ಯ.

ಅರ್ಜಿ ಕಳಿಸಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ದಿನಕ್ಕೆ ಹತ್ತು ಸಲ ಅದೇ ಪುಟ ತೆರೆದು ನೋಡುತ್ತಿದ್ದೆ. ಐದನೆಯ ದಿನ ಮುಂಜಾನೆ ಮಂಜೂರಾಗಿದೆ ಎಂದಿತ್ತು. ಪ್ರಿಂಟ್ ತೆಗೆಯುವ ಮೊದಲೇ ಅಡರಕಟ್ಟಿಗೆ ಫೋನ್ ಹಚ್ಚಿದೆ. "ಬರತಾಳ," ಅಂದೆ. ಫೋನ್ ಎತ್ತಿದ್ದವನು ಈರಣ್ಣ. ಸ್ವಲ್ಪ ಹೊತ್ತಿಗೆ ನೀಲವ್ವ ಫೋನ್ ಕಸಿದುಕೊಂಡು, "ಇಂವ ಅಳಾಕ ಹತ್ಯಾನ್ರಿ. ಒಳ್ಳೆ ಸುದ್ದಿನೋ ಕೆಟ್ಟ ಸುದ್ದಿನೋ, ಅದನರ ಹೇಳ್ರಿ," ಎಂದಳು. ಅದೇ ದಿನ ಈರಣ್ಣ ಆಸ್ಪತ್ರೆಗೆ ಫೋನ್ ಮಾಡಿ ಹೊಸ ತಾರೀಖು ಕೇಳಿದ.

ಆಗಸ್ಟಿನಲ್ಲಿ ಗ್ರೇಸ್ ಮುಂಬೈಗೆ ಬಂದಿಳಿದು, ಅಲ್ಲಿಂದ ರೈಲಿನಲ್ಲಿ ಮಧ್ಯಾಹ್ನದ ಸುಮಾರಿಗೆ ಗದಗ ನಿಲ್ದಾಣಕ್ಕೆ ಬಂದಳು. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಹೋಗಿದ್ದೆ. ಅವಳು ಇಳಿದು, ಚೀಲ ಕೆಳಗಿಟ್ಟು, ಬೆಂಚಿನ ಮೇಲೆ ಕೂತಿದ್ದ ಈರಣ್ಣನನ್ನು ಕಂಡು ನೆಟ್ಟಗೆ ಬಂದಳು. ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಅವನ ಮುಖ ಹಿಡಿದು ನೋಡಿದಳು. "ಸೊರಗಿದಿ," ಎಂದಳು. ಅಷ್ಟೇ. ಅವನು ಅವಳ ಮಣಿಕಟ್ಟಿನ ಬಳೆಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ. ನಾನು ಬೇರೆ ಕಡೆ ತಿರುಗಿ ನಿಂತೆ.

ನೀಲವ್ವ ಬುಟ್ಟಿ ಬಿಚ್ಚಿದ್ದಳು. ಅಕ್ಕಿ, ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಪ್ಪಸದ ಕಣ. "ಇಲ್ಲಿ ಬ್ಯಾಡ, ಮನ್ಯಾಗ ತುಂಬೀರಂತ," ಎಂದೆ. "ಒಂದ ಸಲ ಫೋನಿನ್ಯಾಗ ತುಂಬೇನ್ರಿ. ಇನ್ನ ತಡಕೊಳ್ಳಾಕ ಆಗಂಗಿಲ್ಲ," ಎಂದಳು. ಆದರೆ ಗ್ರೇಸ್ ಗೌನು ತೊಟ್ಟಿದ್ದಳು, ಹಿಡಿಯಲು ಸೆರಗಿಲ್ಲ. ಈರಣ್ಣ ಹೆಗಲ ಮೇಲಿನ ವಲ್ಲಿ ತೆಗೆದು ಕೊಟ್ಟ. ಅವನ ವಲ್ಲಿಯಲ್ಲೇ ಅವಳು ಉಡಿ ಒಡ್ಡಿದಳು. ನೀಲವ್ವ ಐದು ಸಲ ಅಕ್ಕಿ ಹಾಕಿದಳು, ಅವಸರಕ್ಕೆ ಅರ್ಧ ಪ್ಲಾಟ್‌ಫಾರ್ಮಿನ ಮೇಲೆ ಬಿತ್ತು.

ಆಮೇಲೆ ಎಲ್ಲರನ್ನೂ ಝೆರಾಕ್ಸ್ ಅಂಗಡಿಗೆ ಕರೆದುಕೊಂಡು ಬಂದೆ. ವಿದೇಶದವರು ಮನೆಗೆ ಬಂದ ಇಪ್ಪತ್ತನಾಲ್ಕು ತಾಸಿನೊಳಗೆ ಮನೆಯವರು ಸಿ ಫಾರ್ಮ್ ಎಂಬ ಮಾಹಿತಿಯನ್ನು ಪೊಲೀಸರಿಗೆ ಕಳಿಸಬೇಕು. ಬಹಳ ಜನಕ್ಕೆ ಇದು ಗೊತ್ತಿಲ್ಲ, ಆಮೇಲೆ ಪೇಚಾಡುತ್ತಾರೆ. ಈ ಸಲ ಅರ್ಜಿ, ಪತ್ರ, ಪಾಸ್‌ಪೋರ್ಟ್ ಮೂರನ್ನೂ ಸಾಲಾಗಿ ಇಟ್ಟುಕೊಂಡು ಒಂದೊಂದು ಸಾಲಿಗೂ ಬೆರಳಿಟ್ಟು ತಾಳೆ ನೋಡಿ ತುಂಬಿದೆ. ಅಂದಿನಿಂದ ಇಂದಿನವರೆಗೆ ಎಲ್ಲ ಫೈಲುಗಳನ್ನೂ ಹಾಗೇ ನೋಡುತ್ತೇನೆ.

ವೈದ್ಯರು ಕೊಟ್ಟ ಮೂರು ತಿಂಗಳು ಮುಗಿಯಲು ಹತ್ತು ದಿನ ಇರುವಾಗ ಶಸ್ತ್ರಚಿಕಿತ್ಸೆ ಆಯಿತು. ನೋಡಲು ಹೋದಾಗ ಈರಣ್ಣ ಹೇಳಿದ್ದು ಎರಡೇ ಮಾತು: "ಕಣ್ಣ ತಗದ್ನಿ. ಇದ್ಲರಿ." ಗ್ರೇಸ್ ಎಂಬತ್ತಾರನೆಯ ದಿನ ಮರಳಿ ಹೋದಳು. ತೊಂಬತ್ತನ್ನು ದಾಟಬಾರದೆಂದು ನಾನು ವಾರಕ್ಕೊಮ್ಮೆ ಫೋನ್ ಮಾಡಿ ಪೀಡಿಸಿದ್ದೆ. ಅವಳು ಹೊರಡುವ ದಿನ ಈರಣ್ಣ ಒಂದೇ ಕೋಲು ಹಿಡಿದು ನಿಲ್ದಾಣಕ್ಕೆ ಬಂದಿದ್ದ.

ಮರುವರ್ಷ ಅವಳು ಅಂಗಡಿಯನ್ನು ತಂಗಿಗೆ ವಹಿಸಿ, ತನಗೆ ಮದುವೆಯಾಗಿಲ್ಲ ಎಂಬ ಪ್ರಮಾಣಪತ್ರವನ್ನು ಅಲ್ಲಿಯ ಕಚೇರಿಯಿಂದ ಪಡೆದುಕೊಂಡು ಬಂದಳು. ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸು ಕೊಟ್ಟು, ಮೂವತ್ತು ದಿನ ಕಾದು, ಇಬ್ಬರೂ ನೋಂದಣಿ ಮದುವೆಯಾದರು. ಸಾಕ್ಷಿ ಸಹಿಗಳಲ್ಲಿ ಒಂದು ನನ್ನದು.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಕಾಗದಕ್ಕೆ ಇವತ್ತು ಏನಿದೆ ಎಂಬುದಷ್ಟೇ ಬೇಕು. ಮನುಷ್ಯರು ನಾಳೆಯದನ್ನೂ ಸೇರಿಸಿ ಮಾತಾಡುತ್ತಾರೆ, ಏಕೆಂದರೆ ಅವರು ಆಸೆ ಇಟ್ಟುಕೊಂಡು ಬದುಕುವವರು. ನನ್ನಂಥವರ ಕೆಲಸ ಅವರ ಮಾತನ್ನು ಕತ್ತರಿಸುವುದಲ್ಲ. ಇವತ್ತಿನದನ್ನು ಇವತ್ತು ಬರೆಸಿ, ನಾಳೆಯದು ಬರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವುದು.

ನೋಂದಣಿ ಮುಗಿದ ದಿನ ಮಧ್ಯಾಹ್ನ ನೀಲವ್ವ ಧಾರವಾಡ ಪೇಡೆಯ ಪೊಟ್ಟಣ ಹಿಡಿದು ನನ್ನ ಕಚೇರಿಗೆ ಬಂದಳು. ಹಿಂದೆಯೇ ಈರಣ್ಣ, ಗ್ರೇಸ್. ಈರಣ್ಣ ಎರಡೂ ಮಹಡಿಯ ಮೆಟ್ಟಿಲನ್ನು ತಾನೇ ಹತ್ತಿ ಬಂದಿದ್ದ. ನನ್ನ ಕೋಣೆಯನ್ನು ಅವನು ನೋಡಿದ್ದು ಅದೇ ಮೊದಲು. ನೀಲವ್ವ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು ಕೇಳಿದಳು:

"ಅಕ್ಕಾರ, ನಾ ಮೊದಲ ಬರದ ಕಾಗದ ಹರದ ಒಗದೀರೇನು?"

ಒಗೆದಿರಲಿಲ್ಲ. ನನ್ನ ತಪ್ಪು ನನಗೆ ನೆನಪಿರಲಿ ಎಂದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ತೆಗೆದುಕೊಟ್ಟೆ. ಮೂಲೆಯ ಅರಿಷಿಣ ಸ್ವಲ್ಪ ಮಾಸಿತ್ತು. ಅವಳು ಕಣ್ಣಿಗೆ ಹತ್ತಿರ ಹಿಡಿದು, ಶಾಲೆಯಲ್ಲಿ ಪಾಠ ಓದುವವರ ಹಾಗೆ ಗಟ್ಟಿಯಾಗಿ ಓದಿದಳು. "ಗ್ರೇಸವ್ವ ನನ್ನ ತಮ್ಮನ ಹೆಂಡತಿ. ನಮ್ಮ ಮನೆಯ ಸೊಸೆ." ಓದಿ ಹಾಳೆಯನ್ನು ನನ್ನ ಮುಂದೆ ಚಾಚಿದಳು.

"ಈಗ ಇದರಾಗ ತಪ್ಪೇನೈತಿ, ನೋಡಿ ಹೇಳ್ರಿ."

ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆ. "ಏನೂ ತಪ್ಪಿಲ್ಲ, ನೀಲವ್ವ," ಎಂದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಗ್ರೇಸಳ ಕೈಯಲ್ಲಿ ಇಟ್ಟಳು.